ಬಾಳವ್ವ ಹತ್ತಲಾರದ ಜೀಪು

ನಾನು ಒಂದು ಜೀಪು. ಈಗಿನ ಹುಡುಗರು ನನ್ನನ್ನು ಏನೇನೋ ಹೆಸರು ಹಿಡಿದು ಕರೆಯುತ್ತಾರೆ, ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಬೇಡಿ. ಕಾರ್ಖಾನೆಯಲ್ಲಿ ನನ್ನನ್ನು ಕಟ್ಟಿದವರು ಬುದ್ಧಿ ಇದ್ದವರು. ಗಾಡಿ ಎಂದರೆ ಅದರಲ್ಲಿ ಮನುಷ್ಯರು ಹತ್ತಬೇಕು, ಕೂಡಬೇಕು, ಇಳಿಯಬೇಕು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಪಕ್ಕಕ್ಕೆ ಕಾಲಿಡಲು ಫುಟ್‌ಬೋರ್ಡು, ಹಿಂದೆ ಎದುರುಬದುರಾಗಿ ಎರಡು ಬೆಂಚು ಇಟ್ಟಿದ್ದರು. ಇಷ್ಟು ಸಣ್ಣ ವಿಷಯ ನನ್ನ ಕೊನೆಯ ಯಜಮಾನನ ತಲೆಗೆ ಹೋಗಲಿಲ್ಲ.

ಮೊದಲು ಗೋಕಾಕದ ದಸ್ತಗೀರಸಾಬನ ಕೈಯಲ್ಲಿದ್ದೆ. ಪೇಟೆಯಿಂದ ಗುಡ್ಡದ ಮೇಲಿನ ಮದ್ಲಿಹಟ್ಟಿಗೆ ಟ್ರಿಪ್ ಹೊಡೆಯುತ್ತಿದ್ದೆವು. ಆ ಕೊರಕಲು ದಾರಿಗೆ ಬಸ್ಸು ಬರುತ್ತಿರಲಿಲ್ಲ. ಜನ, ಕೋಳಿ, ಗೊಬ್ಬರದ ಚೀಲ ಎಲ್ಲ ನನ್ನ ಹೊಟ್ಟೆಯೊಳಗೇ. ಪ್ರತಿ ವರ್ಷ ನಾಗರ ಪಂಚಮಿ ಹಬ್ಬಕ್ಕೆ ಮದ್ಲಿಹಟ್ಟಿಯ ರುದ್ರಪ್ಪ ಪೇಟೆಗೆ ಇಳಿದು ಬಂದು, ತಂಗಿ ಬಾಳವ್ವನನ್ನು ನನ್ನಲ್ಲೇ ತವರಿಗೆ ಕರೆದೊಯ್ಯುತ್ತಿದ್ದ. ಅವಳು ಹಬ್ಬದ ಸಿಹಿ ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅಣ್ಣನ ಜೊತೆ ಜಗಳ ಕಾಯುತ್ತಿದ್ದಳು. ನನಗೆ ಬಹಳ ಇಷ್ಟವಾಗುತ್ತಿತ್ತು.

ದಸ್ತಗೀರಸಾಬನ ಕಣ್ಣು ಮಂದವಾಗಿ ಅವನು ನನ್ನನ್ನು ಮಾರಲು ಹೊರಟಾಗ ಬಾಳವ್ವನೇ ಮಗನಿಗೆ ಹೇಳಿದಳು. "ಚನಮಲ್ಲಾ, ಆ ಜೀಪ ನೀನ ತಗೋ. ಅಣ್ಣಗ ಈಗ ಗುಡ್ಡ ಇಳದ ಬರಾಕ ಆಗೂದಿಲ್ಲ. ಆ ಮನ್ಯಾಗ ಉಳದಾಂವ ಅವನೊಬ್ಬನ. ಪಂಚಮಿಗೊಮ್ಮಿ ನನ್ನ ಅಲ್ಲಿ ಮುಟ್ಟಿಸಿದ್ರ ಸಾಕು."

ತಾಯಿಯ ಹೆಸರು ಹೇಳಿ ನನ್ನನ್ನು ಕೊಂಡ, ತನ್ನ ಚಪಲಕ್ಕೆ ಇಟ್ಟುಕೊಂಡ.

ಚನಮಲ್ಲನದು ಪೈಪಿನ ಅಂಗಡಿ. ಬಿಲ್ಲು ಬರೆಯುವುದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ಮೊಬೈಲಿನಲ್ಲಿ ಯಾರೋ ಜೀಪನ್ನು ಬಂಡೆ ಹತ್ತಿಸುವುದನ್ನು ನೋಡಿದವನೇ ಹಿತ್ತಲಿನ ಶೆಡ್ಡಿನಲ್ಲಿ ನನ್ನನ್ನು ಬಿಚ್ಚಿ ಹಾಕಿದ. ವೆಲ್ಡಿಂಗ್ ಕಲಿತದ್ದು ನನ್ನ ಮೈಮೇಲೆಯೇ. ಸ್ಪ್ರಿಂಗು ಎತ್ತರಿಸಿ ಟ್ರ್ಯಾಕ್ಟರಿಗೆ ಹಾಕುವಂಥ ಟೈರು ಹಾಕಿದ. ಕಲ್ಲಿಗೆ ತಾಗುತ್ತದೆಂದು ಫುಟ್‌ಬೋರ್ಡು ಕೊಯ್ದು ಎಸೆದ. ಬೆಂಚು ಕಿತ್ತು, ಗಾಡಿ ಉರುಳಿದರೂ ಜಜ್ಜದಿರಲಿ ಎಂದು ಅಂಗಡಿಯ ಪೈಪು ತಂದು ಪಂಜರ ಕಟ್ಟಿದ. ಹೊಳೆ ದಾಟುವಾಗ ಎಂಜಿನ್ನು ಉಸಿರಾಡಲಿ ಎಂದು ಮೇಲಕ್ಕೊಂದು ಕೊಳವೆ ಬೇರೆ. ಹೊಳೆ ಇರಲಿ, ಊರ ಹಳ್ಳಕ್ಕೂ ಅವನು ನನ್ನನ್ನು ಇಳಿಸಿದವನಲ್ಲ. ಭಾನುವಾರ ಇಂಥದ್ದೇ ಹುಚ್ಚಿನ ಗೆಳೆಯರು ಬಂದು ನನ್ನ ಸುತ್ತ ನಿಂತು ಚಹಾ ಕುಡಿದು, ತಲೆಯಾಡಿಸಿ ಹೋಗುತ್ತಿದ್ದರು.

ಒಂದು ಪಂಚಮಿಗೆ ಎಂಜಿನ್ನು ನೆಲದ ಮೇಲಿತ್ತು. ಇನ್ನೊಂದಕ್ಕೆ ಬಣ್ಣ ಒಣಗಿರಲಿಲ್ಲ. ಎರಡೂ ಸಲ ಬಾಳವ್ವ ಕಟ್ಟಿದ ಉಂಡಿಗಳನ್ನು ಓಣಿಯವರಿಗೆ ಹಂಚಿದಳು. ಚನಮಲ್ಲನ ಹೆಂಡತಿ ನೀಲಾ ಒಮ್ಮೆ ಕೇಳಿಯೇಬಿಟ್ಟಳು.

"ಅತ್ತಿಯವರು ಇದನ್ನ ಹ್ಯಾಂಗ ಹತ್ತಬೇಕ್ರಿ?"

"ಅದೆಲ್ಲಾ ಆಮ್ಯಾಲ ನೋಡೂಣು. ಮೊದಲ ಗಾಡಿ ರೆಡಿ ಆಗ್ಲಿ."

ಮೂರನೆಯ ಪಂಚಮಿಗೆ ರೆಡಿಯಾದೆ. ಬಾಳವ್ವ ಇಳಕಲ್ ಸೀರೆ ಉಟ್ಟು, ಡಬ್ಬಿ ಹಿಡಿದು ಬಂದಳು. ನನ್ನ ಬಾಗಿಲ ತಳವೇ ಅವಳ ಎದೆಯ ಮಟ್ಟಕ್ಕಿತ್ತು. ಸ್ಟೂಲು ತಂದರು. ಸ್ಟೂಲು ಹತ್ತಿದರೂ ಅವಳ ಮೊಣಕಾಲು ಅಷ್ಟು ಮೇಲೆ ಏಳಲಿಲ್ಲ. ಬೆವರು ಒರೆಸಿಕೊಳ್ಳುತ್ತ ಚನಮಲ್ಲ ಹೇಳಿದ, "ತಡಿ ಅವ್ವಾ, ನಾಕ ಮಂದೀನ ಕರೀತೀನಿ, ಎತ್ತಿ ಕುಂದ್ರಸ್ತಾರ."

"ತವರಮನಿಗೆ ಹೊರಿಸ್ಕೊಂಡ ಹೋಗಾಕ ನಾ ಏನ ಹೆಣ ಅದೀನೇನೋ," ಎಂದಳು ಬಾಳವ್ವ. ಡಬ್ಬಿಯನ್ನು ಅವನ ಕೈಗಿಟ್ಟು ಒಳಗೆ ಹೋದಳು.

ಆ ವರ್ಷದ ಮಳೆಯ ಕೆಸರಿನಲ್ಲಿ ಆ ಗುಡ್ಡಕ್ಕೆ ಬೇರಾವ ಗಾಡಿಯೂ ಹೋಗುವಂತಿರಲಿಲ್ಲ. ನಾನು ಹೋದೆ. ಚನಮಲ್ಲನ ಪಕ್ಕದ ಸೀಟಿನಲ್ಲಿ, ರೇಸಿನವರು ಕಟ್ಟಿಕೊಳ್ಳುವ ಬೆಲ್ಟಿನಲ್ಲಿ ಉಂಡಿಯ ಡಬ್ಬಿ ಕೂತಿತ್ತು. ಮೇಲೆ ರುದ್ರಪ್ಪ ಕೋಲೂರಿ ಊರ ಅಗಸಿ ಬಾಗಿಲಿಗೇ ಬಂದು ನಿಂತಿದ್ದ. ಕತ್ತು ಎತ್ತಿ ಒಳಗೆ ನೋಡಿದ.

"ತಂಗಿ ಎಲ್ಲೆದಾಳೋ?"

"ಅವ್ವಗ ಗಾಡಿ ಹತ್ತಾಕ ಆಗ್ಲಿಲ್ಲ, ಮಾವಾ."

ಮುದುಕ ನನ್ನನ್ನು ಟೈರಿನಿಂದ ಪಂಜರದ ತನಕ ಒಮ್ಮೆ ನೋಡಿದ. ಡಬ್ಬಿ ಇಸಿದುಕೊಂಡು ಮನೆಯತ್ತ ತಿರುಗಿದ. ನನಗೆ ಚನಮಲ್ಲನ ಮೇಲೆ ಹೇಸಿಗೆ ಹುಟ್ಟಿತು. ಅವನೋ, ಇಳಿಯುವಾಗ ಗುಡ್ಡದ ತುದಿಯಲ್ಲಿ ನಿಲ್ಲಿಸಿ ನನ್ನ ಫೋಟೋ ತೆಗೆದುಕೊಂಡ.

ದೀಪಾವಳಿಗೆ ಮೊದಲೇ ರುದ್ರಪ್ಪ ತೀರಿಕೊಂಡ. ಸುದ್ದಿ ಬಂದ ಬೆಳಿಗ್ಗೆ ಬಾಳವ್ವ ತಾನಾಗಿಯೇ ಬಂದು ನನ್ನ ಬಾಗಿಲ ಬಳಿ ನಿಂತಳು. ಓಣಿಯ ನಾಲ್ವರು ಅವಳನ್ನು ಎತ್ತಿ ಸೀಟಿನಲ್ಲಿ ಇಟ್ಟರು. ಅಂದು ಅವಳು ಬೇಡ ಎನ್ನಲಿಲ್ಲ.

ಈಗ ಶೆಡ್ಡಿನಲ್ಲಿ ತಾಡಪಾಲು ಹೊದ್ದು ನಿಂತಿದ್ದೇನೆ. ಭಾನುವಾರದ ಗೆಳೆಯರಿಗೆ ಬೇರೆ ಹುಚ್ಚು ಹತ್ತಿದೆ, ಯಾರೂ ಬರುವುದಿಲ್ಲ. ಮೊನ್ನೆ ಚನಮಲ್ಲ ಒಬ್ಬನೇ ಕೂತು ನನ್ನ ಪಕ್ಕಕ್ಕೆ ಎರಡು ಮೆಟ್ಟಿಲು ಬೆಸೆದ. ಅವನ ಜನ್ಮದಲ್ಲಿ ಮಾಡಿದ ಒಂದೇ ನೆಟ್ಟಗಿನ ಕೆಲಸ. ಮೆಟ್ಟಿಲು ತಗ್ಗಾಗಿವೆ, ಗಟ್ಟಿಯಾಗಿವೆ, ಮುದುಕಿಯ ಕಾಲಿಗೆ ಹೇಳಿ ಮಾಡಿಸಿದಂತಿವೆ. ಬಾಳವ್ವನಿಗೆ ಹೋಗಲು ತವರೇ ಉಳಿದಿಲ್ಲ.