ಕರೆಂಟು ಹೋದರೂ ಏಳದ ಮಗು

ನಲ್ಲಿ ತೊಟ್ಟಿಕ್ಕುತ್ತಿದೆ, ಟಪ್ ಟಪ್, ಯಾವತ್ತಿನಿಂದ ಸೋರುತ್ತಿದೆಯೋ ಏನೋ, ನಲ್ಲಿಯ ಸದ್ದು ಕಿವಿಗೆ ಬೀಳುತ್ತಿದೆ ಅಂದರೆ ಕರೆಂಟು ಹೋಗಿದೆ ಅಂತ ಪದ್ಮಶ್ರೀಗೆ ಹೊಳೆಯುವುದಕ್ಕೆ ಒಂದು ಗಳಿಗೆ ಬೇಕಾಯಿತು, ಸಾರು ಕದಡುತ್ತಿದ್ದ ಸೌಟು ಪಾತ್ರೆಯಲ್ಲೇ ನಿಂತಿತು, ಮನೆಯ ಮಗ್ಗಗಳು ಬಾಯಿ ಮುಚ್ಚಿವೆ, ಎದುರು ಮನೆಯವೂ ಮುಚ್ಚಿವೆ, ದೊಡ್ಡಬಳ್ಳಾಪುರದ ಈ ಬೀದಿ ಹಾಡಹಗಲಲ್ಲಿ ಇಷ್ಟು ತಣ್ಣಗಿದೆ ಅಂದರೆ ಯಾರೋ ಸತ್ತಿರಬೇಕು ಇಲ್ಲಾ ಕರೆಂಟು ಹೋಗಿರಬೇಕು ಅನ್ನುತ್ತಾರೆ ಅತ್ತೆ — ಈಗ ಚಿಕ್ಕವನನ್ನು ಕರೆಯಬೇಕು, ಈಗಲೇ, ಕರೆಂಟು ಬರುವುದರೊಳಗೆ. ಗಂಡ ಅಂಬರೀಶ್ ಟೀ ಕುಡಿಯಲು ಹೋದ, ದೊಡ್ಡವನು ಮೋಕ್ಷಿತ್ ಬೀದಿಗೆ ಹಾರಿದ, ಚಿಕ್ಕವನು ಅಮರ್ ಮಾತ್ರ ಮಗ್ಗದ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಹಾಕಿರುವ ಮರದ ಹಲಗೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಾನೆ, ಲಾಳಿಗೆ ನೂಲು ತುಂಬುವ ಕಂಡಿಕೆಗಳಿವೆಯಲ್ಲ, ಖಾಲಿಯಾದವನ್ನು ಸಾಲಾಗಿ ನಿಲ್ಲಿಸುತ್ತಿದ್ದಾನೆ, ಒಂದು ಬಿದ್ದರೆ ಎಲ್ಲವನ್ನೂ ಕೆಡವಿ ಮತ್ತೆ ಮೊದಲಿನಿಂದ, ಅಪ್ಪನ ಹಟವೇ. ನೆತ್ತಿಯ ಮೇಲೆ ಎರಡು ಸುಳಿ, ಇವನಿಗೆ ಎರಡು ಮದುವೆ ಗ್ಯಾರಂಟಿ ಅಂತ ಊರೆಲ್ಲ ತಮಾಷೆ ಮಾಡುವ ಸುಳಿ. ಮೆಲ್ಲಗೆ ಅಮರಾ ಅಂದರೆ ಸಾಕು, ತಿರುಗುತ್ತಾನೆ, ತಿರುಗದೆ ಎಲ್ಲಿಗೆ ಹೋಗುತ್ತಾನೆ, ಆಮೇಲೆ ನಾಳೆ ಆ ಮಿಸ್ಸಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿ ಬರಬಹುದು.

ಮಿಸ್ಸೇನು ಕೆಟ್ಟವಳಲ್ಲ, ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಪಕ್ಕಕ್ಕೆ ಕರೆದು, ಅಮರ್ ಅಮ್ಮ ಅಲ್ವಾ, ಬೇಜಾರ್ ಮಾಡ್ಕೋಬೇಡಿ, ಎದುರಿಗೆ ನಿಂತು ಹೇಳಿದ್ರೆ ಎಲ್ಲಾ ಚೆನ್ನಾಗಿ ಮಾಡ್ತಾನೆ, ಹಿಂದಿನಿಂದ ಕರೆದ್ರೆ ಮಾತ್ರ ತಿರುಗೋದೇ ಇಲ್ಲ, ಒಂದ್ಸಲ ಕಿವಿ ತೋರಿಸಿ ನೋಡಿ ಅಂದಳು, ಕಿವಿಯಂತೆ ಕಿವಿ, ಪದ್ಮಶ್ರೀಗೆ ಮೈಯೆಲ್ಲ ಉರಿದುಹೋಯಿತು, ಮನೆಗೆ ಬಂದು ಹೇಳಿದರೆ ಅತ್ತೆ ಗಂಗಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತ ತಲೆಯನ್ನೂ ಎತ್ತಲಿಲ್ಲ, ಹಿಂದ್ಗಡೆಯಿಂದ ಕರುದ್ರೆ ನಮ್ಮನೇಲಿ ಯಾರ್ ತಿರುಗ್ತಾರೆ, ನಿನ್ ಗಂಡ ತಿರುಗ್ತಾನಾ? ಅದೂ ನಿಜವೇ. ಮಗ್ಗ ಓಡುವಾಗ ಈ ಮನೆಯಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ, ಎದುರಿಗೆ ಹೋಗಿ ನಿಲ್ಲಬೇಕು, ಬೆರಳು ಕೂಡಿಸಿ ಬಾಯಿಗೆ ಹಿಡಿದರೆ ಊಟ, ಮುಂಗೈ ತಿರುವಿದರೆ ಮಗ್ಗ ನಿಲ್ಲಿಸು, ಮೂಗಿನ ಪಕ್ಕ ಬೆರಳಿಟ್ಟರೆ ಮೂಗುಬೊಟ್ಟಿನ ಅತ್ತೆ ಬಂದರು ಸುಮ್ಮನಿರು. ಅನುಗೊಂಡನಹಳ್ಳಿಯ ರಾಗಿ ಹೊಲದಿಂದ ಸೊಸೆಯಾಗಿ ಬಂದ ಹೊಸದರಲ್ಲಿ ತಲೆ ಸಿಡಿದು ಹೋಗುತ್ತಿತ್ತು, ಇವನೇನು ಮೂಗನಾ, ಬರೀ ಕೈ ಆಡಿಸ್ತಾನೆ ಅಂತ ಗಂಡನ ಮೇಲೇ ಅನುಮಾನ ಬಂದಿತ್ತು, ಆಮೇಲೆ ತನಗೂ ರೂಢಿಯಾಯಿತು, ತವರಿಗೆ ಹೋದರೆ ಯಾಕೇ ಹಂಗ್ ಅರಚ್ತೀಯ ಅನ್ನುತ್ತಾಳೆ ಅಮ್ಮ. ಅಮರ್ ಅಂತೂ ಇನ್ನೂ ಅಂಬೆಗಾಲಿಡುವಾಗಲೇ ಬೆರಳು ಕೂಡಿಸಿ ಬಾಯಿಗೆ ಹಿಡಿದುಬಿಟ್ಟ, ಅಂಬರೀಶ್ ಮಗ್ಗ ನಿಲ್ಲಿಸಿ ಓಡಿ ಬಂದು ಎತ್ತಿಕೊಂಡು ಕುಣಿದ, ನೋಡೇ, ಹುಟ್ಟಾ ನೇಕಾರ ಕಣೇ ನನ್ ಮಗ! ಕುಣಿಯುವುದೇ ಸರಿ, ಅಷ್ಟು ಚಂದ ಇತ್ತು ಅದು.

ಎಲ್ಲವೂ ಚಂದವೇ, ಇಬ್ಬರು ಗಂಡು ಹುಡುಗರನ್ನು ಸಾಕುವುದು ಅಂದರೆ ದಿನವೂ ಜೀವ ಬಾಯಿಗೆ ಬರುವುದು, ಆದರೂ ಚಂದ, ಸ್ನಾನಕ್ಕೆ ಕೂರಿಸಿ ಸೋಪು ಹಚ್ಚಿದರೆ ಇಬ್ಬರೂ ನೊರೆಯ ಮೈಯಲ್ಲೇ ಬೀದಿಗೆ ಓಟ, ಹಿಂದೆ ಚೊಂಬು ಹಿಡಿದು ಇವಳು, ಒಂದು ದಿನ ನೇಯುವಾಗ ಅಂಚು ಕೆಟ್ಟ ಸೀರೆ ತೆಗೆದು ಮೋಕ್ಷಿ ತಮ್ಮನಿಗೆ ಸುತ್ತಿ ಮದುಮಗಳು ಮಾಡಿದ್ದ, ಅದು ಹೆಜ್ಜೆಯಿಟ್ಟಲ್ಲೇ ದೊಪ್ಪನೆ ಬಿದ್ದು ಅಳದೆ ನಕ್ಕಿತು, ಮಲಗಿದರೆ ಇವಳ ಹೊಟ್ಟೆಯ ಮೇಲೆ ಆಚೆಯಿಂದೊಂದು ಕಾಲು ಈಚೆಯಿಂದೊಂದು ಕಾಲು, ತೆಗೆದಿಟ್ಟರೂ ಮತ್ತೆ ಬರುತ್ತವೆ, ಯಾಕಾದರೂ ತೆಗೆಯಬೇಕು ಅನಿಸುತ್ತದೆ. ದೊಡ್ಡವನು ಇಬ್ಬರ ಪಾಲಿನ ಮಾತೂ ಆಡುತ್ತಾನೆ, ಚಿಕ್ಕವನದು ಅಮ್ಮ, ತಾ, ಅಣ್ಣನಿಗೆ ಮೋಚಿ, ಅಷ್ಟೇ, ಗಂಡು ಹುಡುಗರಿಗೆ ಮಾತು ತಡ ಬಿಡು ಅಂದರು ಎಲ್ಲರೂ, ಇವಳೂ ಬಿಟ್ಟಳು. ಮೋಕ್ಷಿ ಕೂಸಾಗಿದ್ದಾಗ ಅಬ್ಬಬ್ಬಾ ಅದೊಂದು ಪಾಡು, ಮಗ್ಗ ಬಡಿಯುವಷ್ಟು ಹೊತ್ತು ನಿದ್ದೆ, ಕರೆಂಟು ಹೋಯಿತೋ ಚಿಟ್ಟನೆ ಚೀರಿ ಏಳುತ್ತಿದ್ದ, ಈ ಬೀದಿಯ ಕೂಸುಗಳೆಲ್ಲ ಹಾಗೆಯೇ, ಸದ್ದು ನಿಂತರೆ ಎಚ್ಚರ, ಮನೆಮನೆಯಲ್ಲೂ ಒಟ್ಟಿಗೆ ಅಳು, ಅತ್ತೆ ತೊಟ್ಟಿಲ ಹತ್ತಿರ ಕೂತು ಬಾಯಲ್ಲೇ ಟಕಟಕ ಟಕಟಕ ಅಂತ ಮಗ್ಗ ನೇಯ್ದು ಮಲಗಿಸಬೇಕು. ಅಮರ್ ಹುಟ್ಟಿದ ಮೇಲೂ ಕರೆಂಟು ಹೋದಾಗ ಅತ್ತೆ ಸೊಸೆ ಇಬ್ಬರೂ ತೊಟ್ಟಿಲಿಗೆ ಓಡಿದರು, ಬಗ್ಗಿ ನೋಡಿದರೆ ಕೂಸು ತುಟಿಯಂಚಿನಲ್ಲಿ ಹಾಲು ಇಟ್ಟುಕೊಂಡು ಹಾಯಾಗಿ ಮಲಗಿದೆ, ಮುಂದಿನ ಸಲವೂ ಹಾಗೇ, ಎದುರು ಮನೆಯ ಅಮ್ಮಯಮ್ಮ ಅದನ್ನು ನೋಡುವುದಕ್ಕೇ ಬಂದಳು, ಬಂಗಾರದಂಥ ಮಗ ಕಣೇ, ಕರೆಂಟ್ ಹೋದ್ರೂ ಏಳಲ್ವಲ್ಲೇ, ಪುಣ್ಯ ಮಾಡಿದ್ದೆ ಬಿಡು ಅಂದಳು, ಅವಳು ಹೋದ ಮೇಲೆ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಪದ್ಮಶ್ರೀ ಎಷ್ಟು ಬೀಗಿದ್ದಳು, ತವರಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಳು, ನನ್ನ ಚಿಕ್ಕ ಮಗ ಕರೆಂಟು ಹೋದರೂ — ಏಳುವುದಿಲ್ಲ. ಅಯ್ಯೋ. ಏಳುತ್ತಿರಲಿಲ್ಲ. ಸದ್ದು ನಿಂತಿದೆ ಅಂತ ಅದಕ್ಕೆ ಗೊತ್ತಾಗಬೇಕಲ್ಲ ಏಳುವುದಕ್ಕೆ. ಥೂ, ಎಂಥ ಯೋಚನೆ, ಬಿಡ್ತು ಅನ್ನು, ಕೆಲವು ಮಕ್ಕಳದು ಗಾಢ ನಿದ್ದೆ.

ಅವಳು ಗ್ಯಾಸ್ ಆರಿಸಿ, ಕೈಬಳೆ ಮೇಲಕ್ಕೇರಿಸಿಕೊಂಡು ಮಗ್ಗದ ಕೋಣೆಯ ಬಾಗಿಲಿಗೆ ಬಂದಳು, ಎರಡು ಸುಳಿ ಬಾಗಿದೆ, ಅಮರಾ ಅಂದಳು, ಮಾಮೂಲಿ ದನಿಯಲ್ಲಿ, ಮೂಲೆಯಲ್ಲಿದ್ದ ಬೆಕ್ಕು ತಿರುಗಿತು. ಆಟದಲ್ಲಿ ಮುಳುಗಿದ್ದಾನೆ, ಮೋಕ್ಷಿಯೂ ಹಾಗೇ, ಮೊಬೈಲು ಸಿಕ್ಕರೆ ಕಿವಿ ಹರಿದರೂ ತಿರುಗುವುದಿಲ್ಲ, ಅಮರಾ, ಬಾಪ್ಪಾ, ಚಾಕ್ಲೇಟ್ ಕೊಡ್ತೀನಿ, ಇನ್ನೊಂದು ಕಂಡಿಕೆ ನಿಂತಿತು, ಅಮರ್, ಇನ್ನೊಂದು, ಅಮರಾ ಅಂತ ಹೊಟ್ಟೆಯೊಳಗಿನ ದನಿಯೆಲ್ಲ ಹಾಕಿ ಕೂಗಿದಳು, ಏನೇ ಪದ್ಮಾ ಏನಾಯ್ತೇ ಅಂತ ಬೀದಿಯಾಚೆಯಿಂದ ಅಮ್ಮಯಮ್ಮ ಓಗೊಟ್ಟಳು, ಅತ್ತೆಯ ಕೈಯಿಂದ ಅವರೆಕಾಯಿ ಮೊರ ಜಾರಿತು, ಎರಡು ಸುಳಿ ಅಲ್ಲಾಡಲಿಲ್ಲ. ಮೋಕ್ಷಿ ಓಡಿ ಬಂದ, ಯಾಕಮ್ಮಾ ಹಂಗ್ ಕಿರುಚ್ತೀಯ, ಅವನ್ನ ಕರೀತಿದೀನಿ ಕಣೋ, ಅವಳ ದನಿ ಅವಳಿಗೇ ಬೇರೆಯವರದು ಅನಿಸಿತು, ಹಂಗ್ ಕರುದ್ರೆ ಅವ್ನು ಬರಲ್ಲಮ್ಮ, ತಡಿ, ಅಂತ ಮೋಕ್ಷಿ ಹಲಗೆಯ ಈ ತುದಿಗೆ ಮುಷ್ಟಿಯಿಂದ ದಬದಬ ಅಂತ ಗುದ್ದಿದ, ಕಂಡಿಕೆಗಳೆಲ್ಲ ನಡುಗಿ ಬಿದ್ದವು, ಅಮರ್ ತಿರುಗಿದ, ನಕ್ಕ.

ಯಾವಾಗಿಂದ ಕಣೋ ಹಿಂಗೆ ಅಂದಳು, ಯಾವಾಗ್ಲೂ ಹಿಂಗೇ ಅಂದ ಮೋಕ್ಷಿ, ಮತ್ಯಾಕೋ ನಂಗ್ ಹೇಳ್ಲಿಲ್ಲ, ನಿಂಗ್ ಗೊತ್ತು ಅನ್ಕೊಂಡಿದ್ದೆ ಕಣಮ್ಮ. ಅಷ್ಟೇ ಹೇಳಿ ಅವನು ಬೀದಿಗೆ ಓಡಿದ, ಅಮರ್ ಮತ್ತೆ ಬೆನ್ನು ಮಾಡಿ ಬಿದ್ದ ಕಂಡಿಕೆಗಳನ್ನು ಎತ್ತತೊಡಗಿದ, ಆಸ್ಪತ್ರೆ, ನಾಳೆಯೇ, ಅಂಬರೀಶನಿಗೆ ಹೇಗೆ ಹೇಳುವುದು, ಮಿಷನ್ನು ಹಾಕುತ್ತಾರಂತೆ ಕಿವಿಗೆ, ಕೇಳಿಸುತ್ತದಂತೆ, ಬಂಗಾರದಂಥ ಮಗು ಅಂದರಲ್ಲ, ನಾನೂ ಅಂದೆನಲ್ಲ, ಬಂಗಾರವೇ, ಈಗಲೂ ಬಂಗಾರವೇ — ಅವಳು ಹಲಗೆಯ ತುದಿಯಲ್ಲಿ ಮಂಡಿಯೂರಿ ಮುಷ್ಟಿ ಬಿಗಿದು ಮೆಲ್ಲಗೆ ಗುದ್ದಿದಳು. ತಿರುಗಿದ, ಅಣ್ಣನಲ್ಲ ಅಮ್ಮ ಅಂತ ಕಂಡು ಕಣ್ಣರಳಿಸಿದ. ಮತ್ತೆ ಬೆನ್ನು ಮಾಡಿದ. ಗುದ್ದಿದಳು. ತಿರುಗಿದ, ಹಲ್ಲು ಬಿಟ್ಟ, ಆಟ ಅಂದುಕೊಂಡು ಬೇಕಂತಲೇ ಬೆನ್ನು ಮಾಡಿ ಕಾದ. ಎರಡು ಸುಳಿ. ಗುದ್ದಿದಳು. ತಿರುಗಿದ.