ರೆಕ್ಕೆ ಬಡಿಯುವ ಕಾರ್ಡು

ಮದುವೆಯಾಗಿ ಬಂದ ಮೊದಲ ದಿನವೇ ಅವಳು ಎಡಗೈಯಲ್ಲಿ ಸೌಟು ಹಿಡಿದದ್ದನ್ನು ನೋಡಿ ಅತ್ತೆ ಇಟ್ಟ ಹೆಸರು ಎಡಚಿ. ಆ ಹೆಸರು ಮನೆ ದಾಟಿ ಬೀದಿಗೆ ಹೋಯಿತು, ಬೀದಿಯಿಂದ ಕಾರ್ಖಾನೆಗೂ ಹೋಯಿತು. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯದು. ಸಾವಿರಾರು ಡಬ್ಬಿಗಳು ಯಂತ್ರದಿಂದ ಬೀಳುವ ಮೊದಲು ಒಂದೇ ಒಂದು ಡಬ್ಬಿ ಕೈಯಿಂದ ಆಗಬೇಕು. ಆ ಒಂದನ್ನು ಕತ್ತರಿಸಿ, ಮಡಚಿ, ನಿಲ್ಲಿಸಿ ತೋರಿಸುವುದು ಎಡಚಿಯ ಕೆಲಸ. ಕಾಗದ ಯಾವ ಕಡೆಗೆ ಬಾಗುತ್ತದೆ, ಎಲ್ಲಿ ಹಟ ಹಿಡಿಯುತ್ತದೆ ಎನ್ನುವುದು ಅವಳ ಬೆರಳಿಗೆ ಗೊತ್ತಿತ್ತು.

ವರ್ಷದ ಕೊನೆಯ ರಜೆ ಹತ್ತಿರ ಬಂದಾಗ ಅವಳು ಮನೆಯಲ್ಲಿ ಕಾರ್ಡು ಮಾಡುತ್ತಿದ್ದಳು. ಪಟ್ಟಿ ಎಳೆದರೆ ಕಿಟಕಿ ತೆರೆದು ದೀಪ ಕಾಣಿಸುವ ಕಾರ್ಡು, ಚಕ್ರ ತಿರುಗಿಸಿದರೆ ಹಿಮ ಬೀಳುವ ಕಾರ್ಡು. ಉಡುಗೊರೆಗೆ ಕಟ್ಟುವ ಚೀಟಿಗಳಲ್ಲೂ ಏನಾದರೊಂದು ಕುಣಿಯಲೇಬೇಕು. ದಾರ ಜಗ್ಗಿದರೆ ಕಣ್ಣು ಹೊರಳಿಸುವ ಬೆಕ್ಕಿನ ಚೀಟಿಯನ್ನು ಕಂಡು ನಗದೇ ಇದ್ದವರು ಆ ಬೀದಿಯಲ್ಲಿ ಇರಲಿಲ್ಲ.

ಐದು ವರ್ಷದ ಹಿಂದೆ ಊರಿನ ಗ್ರಂಥಾಲಯದವರು, ರಜೆಯಲ್ಲಿ ಮಕ್ಕಳಿಗೆ ಕಾರ್ಡು ಮಾಡಲು ಕಲಿಸುವವರು ಬೇಕು, ಮಾದರಿಗಳನ್ನು ತಂದು ತೋರಿಸಿ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಎಡಚಿ ಒಂದು ತಿಂಗಳು ಕೂತು ಹನ್ನೆರಡು ಮಾದರಿ ಮಾಡಿದಳು. ಒಯ್ಯಬೇಕಾದ ದಿನ ಮೈ ಕೆಂಡದಂತೆ ಸುಡುತ್ತಿತ್ತು. ಮೇಲಿನ ಮನೆಯಲ್ಲಿದ್ದ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಹಾಸಿಗೆಯ ಪಕ್ಕ ಬಂದು ಕೂತಳು.

“ನೀನು ಮಲ್ಕೋ. ಮಾದರಿಗಳ ಡಬ್ಬ ನಾನು ಕೊಟ್ಟು ಬರ್ತೀನಿ. ನನಗೇನು ಕಾಲು ಸವೆಯುತ್ತಾ?”

ಸಂಜೆ ಬಂದು, ಹಣೆಯ ಮೇಲೆ ಒದ್ದೆ ಬಟ್ಟೆ ಬದಲಿಸುತ್ತ ಹೇಳಿದಳು. “ನೋಡಿದ್ರು. ಚೆನ್ನಾಗಿದೆ, ಆದ್ರೆ ಮಕ್ಕಳಿಗೆ ಕಷ್ಟ ಆಗುತ್ತೆ ಅಂದ್ರು. ಬೇಜಾರು ಮಾಡ್ಕೋಬೇಡ.”

ಮುಂದಿನ ತಿಂಗಳು ವಾರಗಿತ್ತಿಯೇ ಗ್ರಂಥಾಲಯಕ್ಕೆ ಹೋಗತೊಡಗಿದಳು. ಏನಕ್ಕಾ ಎಂದರೆ, “ಮಕ್ಕಳನ್ನ ನೋಡ್ಕೊಳ್ಳೋದು ಅಷ್ಟೇ, ಬಣ್ಣ ತುಂಬಿಸೋದು” ಎಂದಳು. ಎಡಚಿ ನಂಬಿದಳು. ಬೇಡವೆಂದವರ ಮುಖ ಮತ್ತೆ ಯಾಕೆ ನೋಡಬೇಕೆಂದು ಗ್ರಂಥಾಲಯದ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಳು. ಸಂತೆಗೆ ಹೋಗಲು ಸುತ್ತು ಹಾಕಿಕೊಂಡು ಹೋದಳು, ಐದು ವರ್ಷ.

ಸುಳ್ಳು ಬಯಲಾದದ್ದು ಕಾರ್ಖಾನೆಯಲ್ಲಿ, ಊಟದ ಹೊತ್ತಿಗೆ. ಅಂಟು ಕುದಿಸುವ ಮುದುಕ, ಎಲ್ಲರೂ ಅಂಟಜ್ಜ ಎನ್ನುತ್ತಿದ್ದವನು, ಮೊಮ್ಮಗಳು ಮಾಡಿದ ಕಾರ್ಡನ್ನು ಜೇಬಿನಿಂದ ತೆಗೆದು ತೋರಿಸಿದ. “ಲೈಬ್ರರೀಲಿ ಕಲಿಸಿದ್ದಂತೆ. ಪಟ್ಟಿ ಎಳೆದು ನೋಡು.”

ಎಡಚಿ ಎಳೆದಳು. ಕಿಟಕಿ ತೆರೆದು ದೀಪ ಕಂಡಿತು. ಎಷ್ಟು ಸಲೀಸಾಗಿ ಎಳೆದೆನಲ್ಲ ಎಂದು ಕೈ ನೋಡಿಕೊಂಡಳು. ಪಟ್ಟಿ ಎಡಗಡೆ ಇತ್ತು. ಜಗತ್ತಿನ ಎಲ್ಲ ಕಾರ್ಡುಗಳಲ್ಲೂ ಅದು ಬಲಗಡೆ ಇರುತ್ತದೆ. ಕಾರ್ಡಿನ ಅಂಚನ್ನು ಉಗುರಿನಿಂದ ಬಿಡಿಸಿ ಒಳಗೆ ನೋಡಿದಳು. ಪಟ್ಟಿಯ ತುದಿಯನ್ನು ಎರಡು ಬಾರಿ ಮಡಚಿದ್ದರು. ಐದು ವರ್ಷದ ಹಿಂದೆ ದಪ್ಪ ಕಾಗದ ಮುಗಿದು, ಬೇರೆ ದಾರಿಯಿಲ್ಲದೆ ತೆಳು ಕಾಗದವನ್ನು ಅವಳು ಹಾಗೆ ಮಡಚಿದ್ದಳು. ಈಗ ದಪ್ಪ ಕಾಗದವನ್ನೂ ಮಕ್ಕಳು ಕಷ್ಟಪಟ್ಟು ಹಾಗೇ ಮಡಚುತ್ತಿದ್ದರು. ವಾರಗಿತ್ತಿ ಅವಳ ತಪ್ಪನ್ನೂ ಬಿಡದೆ ಕದ್ದಿದ್ದಳು.

“ಯಾಕಮ್ಮ, ಹರಿದುಬಿಟ್ಟೆ?” ಎಂದ ಅಂಟಜ್ಜ.

“ಅಂಟಿಸಿ ಕೊಡ್ತೀನಿ ಅಜ್ಜ,” ಎಂದಳು. ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಟ್ಟಳು.

ಮರುದಿನ ಮಧ್ಯಾಹ್ನ ರಜೆ ಹಾಕಿ ಗ್ರಂಥಾಲಯಕ್ಕೆ ಹೋದಳು. ಓದುವ ಕೋಣೆಯ ಗಾಜಿನ ಕಪಾಟಿನಲ್ಲಿ ಅವಳ ಹನ್ನೆರಡೂ ಮಾದರಿಗಳಿದ್ದವು, ಬೆಕ್ಕು ಸಮೇತ. ಕೆಳಗೆ ಅಚ್ಚು ಹಾಕಿದ ಪಟ್ಟಿಯಲ್ಲಿ ವಾರಗಿತ್ತಿಯ ಪೂರ್ತಿ ಹೆಸರು. ಬಿಸಿಲಿಗೆ ಬಣ್ಣ ಮಾಸಿತ್ತು. ಎಡಚಿ ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತಳು. ಆಗಲೇ ಹೋಗಿ ಗ್ರಂಥಪಾಲಕಿಗೆ ಹೇಳಬಹುದಿತ್ತು. ಹೇಳಿದರೆ ಏನಾಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ವಾರಗಿತ್ತಿಯ ಬಾಯಿ ಬೆಣ್ಣೆ. ‘ಪಾಪ, ತಂಗಿಗೆ ಹೊಟ್ಟೆಕಿಚ್ಚು’ ಎಂದು ನಕ್ಕುಬಿಟ್ಟರೆ ಮುಗಿಯಿತು. ಇಲ್ಲ, ಕದ್ದವಳ ಕೈಯಿಂದಲೇ ಹೇಳಿಸಬೇಕು, ಎಲ್ಲರ ಎದುರು ಹೇಳಿಸಬೇಕು ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಹಸಿವಾಯಿತು. ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿ ಪೂರ್ತಿ ತಿಂದಳು.

ಆಮೇಲೆ ಒಂದೊಂದೇ ಅರ್ಥವಾಗತೊಡಗಿತು. ವಾರಗಿತ್ತಿ ವಾರಕ್ಕೊಮ್ಮೆ ಸಕ್ಕರೆ ಕೇಳಲು ಬರುತ್ತಿದ್ದದ್ದು ಸಕ್ಕರೆಗಾಗಿ ಅಲ್ಲ. ಕಿಟಕಿಯ ಪಕ್ಕದ ಮೇಜಿನ ಮುಂದೆ ನಿಂತು, “ಈ ಸಲ ಏನು ಮಾಡ್ತಿದ್ದೀಯ?” ಎಂದು ಕೇಳುತ್ತಿದ್ದದ್ದು ಅಕ್ಕರೆಗಲ್ಲ. ಕಸದ ಬುಟ್ಟಿಯಿಂದ ಹಳೆ ನಮೂನೆಗಳನ್ನು, “ಒಲೆ ಹಚ್ಚೋಕೆ ಆಗುತ್ತೆ” ಎಂದು ಒಯ್ಯುತ್ತಿದ್ದವಳ ಮನೆಯಲ್ಲಿ ಇದ್ದದ್ದು ಗ್ಯಾಸಿನ ಒಲೆ.

ಎಡಚಿ ಎಂಟು ವಾರ ನಗುನಗುತ್ತ ಸಕ್ಕರೆ ಕೊಟ್ಟಳು. ಆ ಎಂಟು ವಾರ ಅವಳು ಮಾಡಿದ್ದು ಒಂದೇ ಕಾರ್ಡು.

ಅದು ಹಕ್ಕಿಯ ಕಾರ್ಡು. ಮುಂದೆ ಚೌಕದ ಕಿಟಕಿ, ಅದಕ್ಕೆ ಸಣ್ಣ ಸಣ್ಣ ಕಪ್ಪು ಗೆರೆಗಳಿದ್ದ ಪಾರದರ್ಶಕ ಹಾಳೆ. ಹಿಂದೆ ಜಾರುವ ಪಟ್ಟಿಯ ಮೇಲೂ ಬರೀ ಗೆರೆಗಳೇ. ಕೈಯಲ್ಲಿ ಹಿಡಿದು ನೋಡಿದರೆ ಮಳೆಯ ಗೆರೆಗಳಂತೆ ಕಾಣುತ್ತಿದ್ದವು, ತಲೆಬುಡ ತಿಳಿಯುತ್ತಿರಲಿಲ್ಲ. ಆದರೆ ಕಿಟಕಿಯ ಹಿಂದೆ ಪಟ್ಟಿಯನ್ನು ಮೆಲ್ಲಗೆ ಎಳೆದರೆ ಗೆರೆಗೆ ಗೆರೆ ಕೂಡಿ ಹಕ್ಕಿಯೊಂದು ಮೂಡಿ ರೆಕ್ಕೆ ಬಡಿಯುತ್ತಿತ್ತು. ಎರಡು ಬೆರಳಷ್ಟು ಎಳೆದ ಮೇಲೆ ಪಟ್ಟಿ ನಿಲ್ಲುತ್ತದೆ. ನಿಲ್ಲಿಸುವುದಕ್ಕೆ ಒಳಗೊಂದು ಕಾಗದದ ನಾಲಿಗೆ. ಈ ನಾಲಿಗೆಯನ್ನು ಎಡಚಿ ಬೇಕಾದದ್ದರ ಅರ್ಧದಷ್ಟೇ ಅಗಲಕ್ಕೆ ಬರೆದಳು. ದೊಡ್ಡವರು ಮೆಲ್ಲಗೆ ಎಳೆದರೆ ತಡೆಯುತ್ತದೆ, ಮಕ್ಕಳು ಜಗ್ಗಿದರೆ ಹರಿಯುತ್ತದೆ. ನಿಲ್ಲುವಲ್ಲಿಗೆ ನಿಲ್ಲಿಸುವ ಮಗು ಇನ್ನೂ ಹುಟ್ಟಿಲ್ಲ. ನಾಲಿಗೆ ಹರಿದರೆ ಪಟ್ಟಿ ಇನ್ನೂ ಒಂದು ಬೆರಳು ಮುಂದಕ್ಕೆ ಬರುತ್ತದೆ. ಆ ಒಂದು ಬೆರಳಿನ ಗೆರೆಗಳಲ್ಲಿ ಹಕ್ಕಿ ಇರಲಿಲ್ಲ.

ಸಿದ್ಧವಾದ ಕಾರ್ಡನ್ನೂ ಅದರ ನಮೂನೆಯ ಐದು ಪ್ರತಿಗಳನ್ನೂ ಮೇಜಿನ ಮೇಲೆ ಇಟ್ಟು, ಮೇಲಿನ ಮನೆಯ ಬಾಗಿಲ ಸದ್ದಾದಾಗ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ಒಂದು ಅಂಗಿಯನ್ನೇ ಮೂರು ಸಲ ಹಿಂಡಿದಳು. ಒಳಗೆ ಬಂದಾಗ ವಾರಗಿತ್ತಿ ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದಳು.

“ಹಕ್ಕಿ ಭಾಳ ಚೆನ್ನಾಗಿದೆ ಕಣೇ. ಯಾರಿಗಾದ್ರೂ ತೋರಿಸಿದ್ಯಾ?”

“ಇಲ್ಲ ಅಕ್ಕ. ನೋಡೋರು ಯಾರಿದ್ದಾರೆ?”

“ಹೌದು ಬಿಡು. ಈ ಕಾಲದಲ್ಲಿ ಕೈಕೆಲಸಕ್ಕೆ ಬೆಲೆ ಎಲ್ಲಿ?”

ಅವಳು ಹೋದ ಮೇಲೆ ಎಣಿಸಿದರೆ ನಮೂನೆಗಳು ನಾಲ್ಕೇ ಉಳಿದಿದ್ದವು.

ರಜೆಗೆ ಮುಂಚಿನ ಭಾನುವಾರ ಗ್ರಂಥಾಲಯದ ದೊಡ್ಡ ಕೋಣೆಯಲ್ಲಿ ಅರವತ್ತು ಮಕ್ಕಳು ಕಾರ್ಡು ಮಾಡುವುದು, ತಂದೆತಾಯಂದಿರು ಸುತ್ತ ಕೂತು ನೋಡುವುದು ಎಂದಿತ್ತು. ಎಡಚಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತಳು. ವಾರಗಿತ್ತಿ ಅವಳನ್ನು ನೋಡಲಿಲ್ಲ. ಎತ್ತರದ ದನಿಯಲ್ಲಿ, ಹಾದಿ ತಪ್ಪಿದ ಹಕ್ಕಿಯೊಂದರ ಕಥೆ ಹೇಳುತ್ತ, ಮಕ್ಕಳನ್ನು ನಗಿಸುತ್ತ, ಕಾರ್ಡನ್ನು ಎತ್ತಿ ಹಿಡಿದು ನಯವಾಗಿ ಪಟ್ಟಿ ಎಳೆದಳು. ಹಕ್ಕಿ ರೆಕ್ಕೆ ಬಡಿಯಿತು. ಕೋಣೆ ತುಂಬ ಚಪ್ಪಾಳೆ.

“ಈ ಉಪಾಯ ಹೊಳೆಯೋಕೆ ನನಗೆ ಒಂದು ವರ್ಷ ಬೇಕಾಯ್ತು ಮಕ್ಕಳೇ,” ಎಂದಳು.

ಗೋಡೆಯ ಪಕ್ಕ ನಿಂತಿದ್ದ ಎಡಚಿಗೆ ಅಲ್ಲಿಯವರೆಗೆ ಸ್ವಲ್ಪ ಅಳುಕಿತ್ತು. ಈ ಮಾತು ಕೇಳಿ ಅದೂ ಹೋಯಿತು.

ವಾರಗಿತ್ತಿ ಪ್ರತಿ ತೆಗೆಸಿ ಹಂಚಿದ ನಮೂನೆಯನ್ನು ಮಕ್ಕಳು ಕತ್ತರಿಸಿದರು, ಮಡಚಿದರು, ಅಂಟಿಸಿದರು, ಒಣಗಲು ಊದಿದರು. ಆಮೇಲೆ ಎಳೆದರು. ಮೊದಲ ಸಾಲಿನಲ್ಲಿದ್ದ ಎರಡು ಜಡೆಯ ಹುಡುಗಿ ಕೈ ಎತ್ತಿದಳು.

“ಟೀಚರ್, ನನ್ನ ಹಕ್ಕಿ ಹೋಯ್ತು. ಏನೋ ಅಕ್ಷರ ಬಂತು.”

“ಅಕ್ಷರ ಎಲ್ಲಿಂದ ಬರುತ್ತೆ ಮರಿ?”

ಹುಡುಗಿ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಕೂಡಿಸಿ ಕೂಡಿಸಿ ಓದಿದಳು. “ಕ... ದ್ದ... ಮಾ... ಲು.”

ಯಾರೋ ನಕ್ಕರು. ಅಷ್ಟರಲ್ಲಿ ಇನ್ನೊಂದು ಮೇಜಿನಿಂದ, “ನನಗೂ ಬಂತು” ಎಂಬ ಕೂಗು. ಬಾರದವರು ಬಹುಮಾನ ತಪ್ಪಿತೆಂಬಂತೆ ಜೋರಾಗಿ ಜಗ್ಗಿದರು. ಪಟಪಟನೆ ನಾಲಿಗೆಗಳು ಹರಿದವು. “ಕದ್ದ ಮಾಲು, ಕದ್ದ ಮಾಲು” ಎಂದು ಮಕ್ಕಳು ಪದ್ಯದಂತೆ ಹೇಳತೊಡಗಿದರು. ತಂದೆತಾಯಂದಿರು ಕಾರ್ಡುಗಳನ್ನು ಕಿತ್ತುಕೊಂಡು ನೋಡಿದರು. ವಾರಗಿತ್ತಿ ತನ್ನ ಕೈಯಲ್ಲಿದ್ದದ್ದನ್ನೂ ಎಳೆದು ನೋಡಿ, ಮುಚ್ಚಿ, ಎದೆಗೆ ಒತ್ತಿಕೊಂಡಳು.

ಗ್ರಂಥಪಾಲಕಿ ಎದ್ದು ಬಂದಳು. “ಏನಮ್ಮ ಇದು?”

“ಯಾರೋ ತಮಾಷೆ ಮಾಡಿದ್ದಾರೆ, ಮೇಡಂ.”

“ನಾನೇ ಮಾಡಿದ್ದು,” ಎಂದು ಎಡಚಿ ಮುಂದೆ ಬಂದಳು. ಅಷ್ಟು ಜನರ ಎದುರು ಅವಳು ಯಾವತ್ತೂ ಮಾತಾಡಿದವಳಲ್ಲ. ದನಿ ನಡುಗಲಿಲ್ಲ. “ಕಪಾಟಿನಲ್ಲಿರೋ ಹನ್ನೆರಡೂ ನಾನು ಮಾಡಿದ್ದು. ಜ್ವರ ಬಂದು ಮಲಗಿದ್ದೆ, ಇವರ ಕೈಲಿ ಕೊಟ್ಟು ಕಳಿಸಿದೆ. ನನ್ನ ಮಾತು ನಂಬಬೇಡಿ. ಅದರಲ್ಲಿ ಪಟ್ಟಿಗಳೆಲ್ಲ ಎಡಗಡೆ ಯಾಕಿವೆ ಅಂತ ಇವರನ್ನ ಕೇಳಿ.”

ಗ್ರಂಥಪಾಲಕಿ ತಿರುಗಿ ನೋಡಿದಳು. ವಾರಗಿತ್ತಿ ತುಟಿ ಒದ್ದೆ ಮಾಡಿಕೊಂಡು, “ಅದು... ಹಾಗೇ ಇರೋದು,” ಎಂದಳು.

ಎಡಚಿ ಹತ್ತಿರದ ಮೇಜಿನಿಂದ ಕತ್ತರಿ ಎತ್ತಿಕೊಂಡು, ಗೆರೆ ಹಾಕದೆ, ಎಲ್ಲರೂ ನೋಡನೋಡುತ್ತಿದ್ದಂತೆ ದೀಪದ ಕಿಟಕಿಯ ಕಾರ್ಡನ್ನು ಎಡಗೈಯಲ್ಲಿ ಕತ್ತರಿಸಿ ಮಡಚಿ ಗ್ರಂಥಪಾಲಕಿಯ ಕೈಗೆ ಕೊಟ್ಟಳು. ಪಟ್ಟಿ ಎಡಗಡೆಯೇ ಇತ್ತು. ವಾರಗಿತ್ತಿ ಕೈಚೀಲ ತೆಗೆದುಕೊಂಡು ಕುರ್ಚಿಗಳ ನಡುವೆ ದಾರಿ ಹುಡುಕುತ್ತ ಹೊರಗೆ ಹೋದಳು. ಅವಳ ಬೆನ್ನು ಬಾಗಿಲು ದಾಟುವವರೆಗೂ ಎಡಚಿ ಕಣ್ಣು ಮಿಟುಕಿಸದೆ ನೋಡಿದಳು. ಐದು ವರ್ಷದ ಬಾಯಾರಿಕೆಗೆ ತಣ್ಣೀರು ಕುಡಿದಂತಾಯಿತು.

ಆಗ ಯಾರೋ ಸೆರಗು ಹಿಡಿದು ಎಳೆದರು. ದಪ್ಪ ಕನ್ನಡಕದ ಒಂದು ಸಣ್ಣ ಹುಡುಗಿ. ಕಣ್ಣಲ್ಲಿ ನೀರು ತುಂಬಿತ್ತು. ಅವಳ ಕಾರ್ಡಿನ ಮೇಲೆ ಸೊಟ್ಟ ಅಕ್ಷರದಲ್ಲಿ ‘ಅಜ್ಜಿಗೆ, ಆಸ್ಪತ್ರೆಗೆ’ ಎಂದು ಬರೆದಿತ್ತು.

“ಇದು ನಾನೇ ಮಾಡಿದ್ದು ಆಂಟಿ. ನಾನು ಕದ್ದಿಲ್ಲ.”

ಎಡಚಿ ಎಲ್ಲ ಲೆಕ್ಕ ಹಾಕಿದ್ದಳು. ನಾಲಿಗೆಯ ಅಗಲ, ಗೆರೆಯ ದಪ್ಪ, ಮಗುವಿನ ಕೈಯ ಬಲ. ಈ ಮುಖವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. “ನಿನಗೆ ಹೇಳಿದ್ದಲ್ಲ ಪುಟ್ಟಿ,” ಎಂದು ಮಂಡಿಯೂರಿ ಕೂತು, ಪಟ್ಟಿ ಹೊರತೆಗೆದು ಕೊನೆಯ ಒಂದು ಬೆರಳನ್ನು ಕತ್ತರಿಸಿ, ಹೊಸ ನಾಲಿಗೆ ಅಂಟಿಸಿ ಕೊಟ್ಟಳು. ಹಿಂದೆ ಇನ್ನೊಂದು ಮಗು ಬಂದು ನಿಂತಿತು, ಅದರ ಹಿಂದೆ ಮತ್ತೊಂದು. ಗೆದ್ದ ದಿನದ ಉಳಿದ ಹೊತ್ತೆಲ್ಲ ಅವಳು ತಾನು ಬರೆದ ಎರಡು ಮಾತುಗಳನ್ನು ಕತ್ತರಿಸಿ ತೆಗೆಯುತ್ತ ಕೂತಳು.

ಮನೆಯಲ್ಲಿ ಗಂಡ, “ಮನೆ ಮಾತು ಮನೇಲೇ ಇರ್ಬೇಕಿತ್ತು,” ಎಂದ.

“ಮನೆ ಸಾಮಾನು ಮನೇಲೇ ಇದ್ದಿದ್ರೆ ಮಾತೂ ಇರ್ತಿತ್ತು,” ಎಂದಳು. ಅವನು ಪೇಪರ್ ಎತ್ತಿಕೊಂಡ.

ಮೂರನೆಯ ದಿನ ಬೆಳಿಗ್ಗೆ ವಾರಗಿತ್ತಿ ಕೆಳಗೆ ಬಂದಳು, ಈ ಸಲ ಬರಿಗೈಯಲ್ಲಿ. ಹೊಸ್ತಿಲ ಆಚೆಯೇ ನಿಂತಳು.

“ನನ್ನೊಬ್ಬಳ ಹತ್ರ ಹೇಳಬಹುದಿತ್ತಲ್ಲ. ಅಷ್ಟು ಜನರ ಮುಂದೆ ಬೇಕಿತ್ತಾ?”

“ನಿಮ್ಮೊಬ್ಬರ ಹತ್ರ ಹೇಳಿದ್ರೆ ನಗ್ತಿದ್ರಿ.”

ವಾರಗಿತ್ತಿ ಬಾಗಿಲ ಚೌಕಟ್ಟಿಗೆ ಕೈಯಿಟ್ಟಳು. “ನಿನಗೆ ಕಾರ್ಖಾನೆ ಇತ್ತು, ಕೈ ಇತ್ತು. ಬಂದೋರೆಲ್ಲ ನಿನ್ನ ಬೆಕ್ಕು ನೋಡಿ ಹೊಗಳೋರು. ನನ್ನ ಹತ್ರ ಏನಿತ್ತು ಹೇಳು.”

“ಬಾಯಿ ಇತ್ತಲ್ಲ ಅಕ್ಕ. ಕೇಳಿದ್ರೆ ಕಲಿಸ್ತಿದ್ದೆ.”

“ಕ್ಷಮಿಸಿಬಿಡು ಅಂದ್ರೆ?”

ಎಡಚಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. ಮಾಸಿದ ಹನ್ನೆರಡು ಮಾದರಿಗಳೂ, ಐದು ವರ್ಷ ಸುತ್ತು ಬಳಸಿ ನಡೆದ ಬೀದಿಗಳೂ, ಹಣೆಯ ಮೇಲಿನ ಆ ಒದ್ದೆ ಬಟ್ಟೆಯೂ ನೆನಪಾದವು. ಅದರಲ್ಲೂ ಆ ಬಟ್ಟೆ.

“ಆಗಲ್ಲ ಅಕ್ಕ,” ಎಂದಳು.

ಹೊಸ ವರ್ಷದಿಂದ ತರಗತಿ ಎಡಚಿಯ ಪಾಲಿಗೆ ಬಂತು. ಕಪಾಟಿನ ಪಟ್ಟಿಯಲ್ಲಿ ಅವಳ ಹೆಸರು ಬಂತು. ಆದರೆ ಕಲಿಸುವುದು ಕತ್ತರಿಸಿದಷ್ಟು ಸುಲಭವಾಗಿರಲಿಲ್ಲ. ಯಾರಾದರೂ ಸೊಟ್ಟ ಕತ್ತರಿಸಿದರೆ ಅವಳ ಕೈ ತಾನಾಗಿ ಹೋಗಿ ಕತ್ತರಿ ಕಿತ್ತುಕೊಳ್ಳುತ್ತಿತ್ತು. ಮಾತು ಬರುತ್ತಿರಲಿಲ್ಲ. ಅರವತ್ತು ಮಕ್ಕಳು ನಲವತ್ತಾದರು, ಆಮೇಲೆ ಇಪ್ಪತ್ತೆರಡಾದರು. ಒಂದು ದಿನ ಎರಡು ಜಡೆಯ ಹುಡುಗಿ ಕೇಳಿಯೇಬಿಟ್ಟಳು.

“ಹಳೇ ಟೀಚರ್ ಬರಲ್ವಾ? ಅವರು ಕಥೆ ಹೇಳ್ತಿದ್ರು.”

“ಬರಲ್ಲ.”

“ನೀವು ಹೇಳಿ ಮತ್ತೆ.”

“ನನಗೆ ಬರಲ್ಲ.”

ಗ್ರಂಥಪಾಲಕಿಯೂ ಒಮ್ಮೆ ಮೆಲ್ಲಗೆ ಮಾತು ತೆಗೆದಳು. “ಕಥೆಗೆ ಅವರು, ಕೈಗೆ ನೀವು. ಇಬ್ರೂ ಇದ್ರೆ ಮಕ್ಕಳಿಗೆ ಒಳ್ಳೇದಾಗ್ತಿತ್ತೇನೋ.”

ಅದು ನಿಜವೆಂದು ಎಡಚಿಗೆ ಗೊತ್ತಿತ್ತು. ಮಕ್ಕಳ ಲೆಕ್ಕದಲ್ಲಿ ನಿಜ. “ಅವರು ಆ ಬಾಗಿಲಿಂದ ಬಂದ್ರೆ ನಾನು ಈ ಬಾಗಿಲಿಂದ ಹೋಗ್ತೀನಿ,” ಎಂದಳು. ಗ್ರಂಥಪಾಲಕಿ ಮತ್ತೆ ಕೇಳಲಿಲ್ಲ.

ಆ ಭಾನುವಾರ ಉಳಿದಿದ್ದ ಇಪ್ಪತ್ತೆರಡು ಮಕ್ಕಳಿಗೆ ಅವಳು ನೆಗೆಯುವ ಕಪ್ಪೆಯ ಚೀಟಿಯನ್ನು ಕಲಿಸಿದಳು. ಕತ್ತರಿಯತ್ತ ಕೈ ಹೋಗದಿರಲೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ನಡೆದಳು. ಒಬ್ಬ ಹುಡುಗನ ಕಪ್ಪೆ ಮುಂದೆ ನೆಗೆಯುವ ಬದಲು ಹಿಂದಕ್ಕೆ ನೆಗೆಯಿತು. ಅವಳು ತುಟಿ ಕಚ್ಚಿಕೊಂಡು ನಿಂತಳು, ಕಾಲು ಗಂಟೆ ನಿಂತಳು, ಅವನು ತಾನೇ ಮಡಿಕೆ ಬಿಚ್ಚಿ ಮತ್ತೆ ಹಾಕುವವರೆಗೂ.