ಸಾವಕಾರನ ಸಸ್ಯಾಹಾರಿ ಮೀನುಗಳು

ಆಸ್ಕರ್ ಮೀನಿಗೆ ನಿನ್ನೆ ಸಂಜೆ ಇದ್ದ ಎಡಗಣ್ಣು ಈ ಬೆಳಿಗ್ಗೆ ಇರಲಿಲ್ಲ. ನೇತ್ರಾವತಿ ಕಸಬರಿಗೆ ಹಿಡಿದುಕೊಂಡೇ ಗಾಜಿನ ತೊಟ್ಟಿಯ ಮುಂದೆ ನಿಂತುಬಿಟ್ಟಳು. ತೊಟ್ಟಿಯ ಆ ತುದಿಯಲ್ಲಿ ಫ್ಲವರ್‌ಹಾರ್ನ್ ಮೀನು ತನ್ನ ಹಣೆಯ ಗಡ್ಡೆಯನ್ನು ಮೆರೆಸುತ್ತ ಊರಗೌಡನಂತೆ ತಿರುಗುತ್ತಿತ್ತು.

ಗಂಡನನ್ನು ಕರೆದು ತೋರಿಸಿದಳು. ಮಲ್ಲೇಶ ನೋಡಿದ. "ಅಪ್ಪಗ ಈಗ ಹೇಳಬ್ಯಾಡ. ಸಿರವಾರದ ಅಕ್ಕನ ಮನಿ ಬೀಗರು ಊಟಕ್ಕ ಬರೋರದಾರ," ಅಂದ. ಅಪ್ಪನ ವಿಷಯ ಬಂದರೆ ಈ ಗಂಡಸಿನ ಬಾಯಿಗೆ ಬೀಗ ಬೀಳುತ್ತದೆ.

ಆ ಆಸ್ಕರ್ ಗಂಡಹೆಂಡಿರಿಬ್ಬರದು. ಅವಳು ದೇವದುರ್ಗದ ಕುರಿ ಸಾಕುವವರ ಮಗಳು, ಅವನು ಮಾನ್ವಿಯ ರೈಸ್‌ಮಿಲ್ ಸಾವಕಾರ ವಿರೂಪಣ್ಣನ ಮಗ. ಮದುವೆಯಾದಾಗ ಎರಡೂ ಮನೆಯವರು ಮುಖ ತಿರುಗಿಸಿದ್ದರು. ರಾಯಚೂರಿನ ಬಾಡಿಗೆ ಕೋಣೆಯಲ್ಲಿ, ಹೆಬ್ಬೆರಳಿನಷ್ಟಿದ್ದ ಮರಿಯನ್ನು ತಂದು ಸೀಗಡಿ ಚೂರು ಹಾಕಿ ಸಾಕಿದ್ದರು. ಅವಳ ದನಿ ಕೇಳಿದರೆ ಸಾಕು, ಅದು ಗಾಜಿಗೆ ಮೂತಿ ಹಚ್ಚುತ್ತಿತ್ತು. ಆಮೇಲೆ ವಿರೂಪಣ್ಣ ಮನಸ್ಸು ಬದಲಿಸಿ ಸೊಸೆಯನ್ನು ಮನೆ ತುಂಬಿಸಿಕೊಂಡ. ತತ್ತಿ, ಮಾಂಸ ಹೊಸ್ತಿಲು ದಾಟಬಾರದು ಎಂದ. ನೇತ್ರಾವತಿ ಒಪ್ಪಿದಳು. ಒಪ್ಪಿದ್ದು ತನ್ನ ಬಾಯಿಗೆ, ಮೀನಿನ ಬಾಯಿಗಲ್ಲ.

ಫ್ಲವರ್‌ಹಾರ್ನ್ ಇದ್ದ ಮನೆಗೆ ಲಕ್ಷ್ಮಿ ಬರುತ್ತಾಳೆಂದು ಯಾರೋ ಕಿವಿಯೂದಿದ್ದೇ ತಡ, ವಿರೂಪಣ್ಣ ರಾಯಚೂರಿಗೆ ಹೋಗಿ ಮಂಚದಷ್ಟು ದೊಡ್ಡ ತೊಟ್ಟಿ, ಒಂದು ಫ್ಲವರ್‌ಹಾರ್ನ್, ಜೊತೆಗೊಂದು ಚುಕ್ಕೆಯ ಮೀನು ತಂದ. ಅಂಗಡಿಯ ಜಮೀರ್ ಹೇಳಿಯೇ ಹೇಳಿದ್ದ: "ಸಾವಕಾರ್ರ, ಇವು ಒಂದಕ್ಕೊಂದು ಕೂಡಂಗಿಲ್ರಿ. ಬ್ಯಾರೆ ಬ್ಯಾರೆ ಇಡ್ರಿ. ಹಸದ್ರಂತೂ ಕಡಕೊಂಡು ಸಾಯ್ತಾವ."

"ನಮ್ಮ ಮನ್ಯಾಗ ಎಲ್ಲಾರೂ ಒಂದೇ ಪಂಕ್ತ್ಯಾಗ ಕುಂತು ಉಣ್ಣತೀವಿ," ಎಂದ ವಿರೂಪಣ್ಣ ಸೊಸೆಯ ಜೊತೆ ಬಂದಿದ್ದ ಆಸ್ಕರನ್ನೂ ಸೇರಿಸಿ ಮೂರನ್ನೂ ಒಟ್ಟಿಗೆ ಬಿಟ್ಟ. ಮಂಡಾಳು ಅಂದರೆ ಮಂಡಕ್ಕಿ, ಚಪಾತಿ ಚೂರು, ಬೇಯಿಸಿದ ಬಟಾಣಿ ಹಾಕಿದ. ಅವು ಬಾಯಿಗೆ ತೆಗೆದುಕೊಂಡು ಉಗುಳಿದವು. ಒಂದು ಬೆಳಿಗ್ಗೆ ಚುಕ್ಕೆಯ ಮೀನು ಅರ್ಧವೇ ಉಳಿದಿತ್ತು. ನೇತ್ರಾವತಿ ತರಿಸಿದ್ದ ಮೀನಿನ ಆಹಾರದ ಡಬ್ಬಿಯನ್ನು ವಿರೂಪಣ್ಣ ಮೂಸಿ ನೋಡಿ ಗಟಾರಕ್ಕೆ ಎಸೆದ. ಇನ್ನೊಂದು ತೊಟ್ಟಿ ಕೇಳಿದರೆ, "ಮನಿ ಒಡಿಯೋ ಮಾತು ಆಡಬ್ಯಾಡ," ಎಂದ.

ಮಧ್ಯಾಹ್ನ ಬೀಗರು ಊಟ ಮುಗಿಸಿ ತೊಟ್ಟಿಯ ಮುಂದೆ ಸೇರಿದರು. ವಿರೂಪಣ್ಣ ಹಿಡಿ ಮಂಡಾಳು ಉದುರಿಸಿದ. "ನಮ್ಮ ಮನಿಗೆ ಬಂದು ಮೀನೂ ಮಂಡಾಳಿಗೆ ಹೊಂದ್ಯಾವ ನೋಡ್ರಿ. ಮಾಂಸ ಸೊಸೀನ ಬಿಟ್ಟಾಳ, ಮೀನು ಬಿಡಂಗಿಲ್ಲೇನು?"

ಬೀಗರು ನಕ್ಕರು. ಮಲ್ಲೇಶನೂ ಹಲ್ಲು ಕಿರಿದ. ಮಾವನ ಮಾತಿಗಿಂತ ಆ ಹಲ್ಲು ಕಂಡೇ ನೇತ್ರಾವತಿ ಬೀಗರನ್ನು ಸರಿಸಿಕೊಂಡು ತೊಟ್ಟಿಯ ಹತ್ತಿರ ಬಂದಳು.

ಅಷ್ಟರಲ್ಲಿ ಫ್ಲವರ್‌ಹಾರ್ನ್, ಆಸ್ಕರಿನ ಕುರುಡು ಮಗ್ಗುಲಿಗೆ ನುಗ್ಗಿ ಬಾಯಿ ಹಾಕಿತು. ನೀರಿನಲ್ಲಿ ಹುರುಪೆಗಳು ತೇಲಾಡಿದವು.

"ಆಟ ಆಡಾಕತ್ಯಾವ," ಅಂದ ವಿರೂಪಣ್ಣ.

"ಆಟ ಅಲ್ರಿ ಮಾವಾರ, ಹಸಿವಿ!"

ಈ ಮನೆಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. ಅಡುಗೆಮನೆಗೆ ನುಗ್ಗಿ, ಆಗಷ್ಟೇ ತೊಳೆದಿಟ್ಟ ಅನ್ನದ ದೊಡ್ಡ ಬೋಗಾಣಿ ತಂದು, ತೊಟ್ಟಿಯಲ್ಲಿ ಮುಳುಗಿಸಿದಳು. ಫ್ಲವರ್‌ಹಾರ್ನ್ ಅವಳ ಬೆರಳನ್ನೂ ಕಚ್ಚಿತು. ಅವಳು ಬೋಗಾಣಿ ಬಿಡಲಿಲ್ಲ. ಆಸ್ಕರನ್ನು ನೀರಿನ ಸಮೇತ ಎತ್ತಿಕೊಂಡು ಹೋಗಿ ಒಲೆಕಟ್ಟೆಯ ಮೇಲೆ ಇಟ್ಟಳು. ಹಿತ್ತಲಿಗೆ ಹೋಗಿ ಬಾಳೆಗಿಡದ ಬುಡ ಕೆದರಿ, ಮುಷ್ಟಿ ಬಿಗಿಹಿಡಿದು ಬಂದಳು.

ಹಿತ್ತಲ ಬಾಗಿಲಲ್ಲಿ ವಿರೂಪಣ್ಣ ಅಡ್ಡ ನಿಂತಿದ್ದ. ಅವಳ ಮುಷ್ಟಿಯಿಂದ ಎರೆಹುಳು ಜೋತಾಡುತ್ತಿತ್ತು. "ಅನ್ನದ ಬೋಗಾಣ್ಯಾಗ ಮೀನು! ಕೈಯಾಗ ಹುಳ! ಅದನ್ನ ಹೊರಗ ಒಗಿ. ಇಲ್ಲಂದ್ರ ಅದರ ಜೋಡಿ ನೀನೂ ನನ್ನ ಮನಿ ಬಿಟ್ಟು ನಡಿ!"

ನೇತ್ರಾವತಿ ಮಾವನ ಹಿಂದೆ ನಿಂತಿದ್ದ ಗಂಡನ ಕಡೆ ನೋಡಿದಳು. ಮಲ್ಲೇಶ ನೆಲ ನೋಡುತ್ತಿದ್ದ.

ಮಾವನ ಮಗ್ಗುಲಿನಿಂದ ನುಸುಳಿ ಒಳಗೆ ಹೋದಳು. ಬೋಗಾಣಿಯಲ್ಲಿ ಆ ಒಂಟಿ ಕಣ್ಣು ಅವಳತ್ತ ತಿರುಗಿತು, ಬಾಯಿ ತೆರೆಯಿತು.

"ಹೋಗತೀನ್ರಿ," ಅಂದಳು. "ಮದ್ಲ ಇದು ಉಣ್ಣಲಿ."